ಮಧುಕೇಶ್ವರ ಮಾಸ್ತರರ ಹಳೇ ಗೋವಾ

೬ ಡಿಸೆಂಬರ್ ೨೦೦೫, ಸಂಜೆ

ಮತ್ತೆ ಸ್ಟಾಫ್ ಮೀಟಿಂಗು. ಒಂದೂವರೆ ತಾಸು ಹಾಳು. ಒಂಬತ್ತನೇ ಕ್ಲಾಸಿನವರನ್ನು ರೈಲಿನಲ್ಲಿ ಹಳೇ ಗೋವಾಕ್ಕೆ ಕರೆದೊಯ್ಯಬೇಕಂತೆ. ಬೆಳಿಗ್ಗೆ ಹೋಗಿ ಸಂಜೆ ವಾಪಸು. ಮಧುಕೇಶ್ವರನ ಐಡಿಯಾ. ‘ಪೋರ್ಚುಗೀಸರ ಪಟ್ಟಣ ಇಷ್ಟು ಹತ್ತಿರ ಇಟ್ಕೊಂಡು ಮಕ್ಕಳು ಪುಸ್ತಕದಲ್ಲೇ ನೋಡೂದಾ?’ ಎಂದ. ಎಲ್ಲರೂ ತಲೆಯಾಡಿಸಿದರು. ಆಡಿಸದೆ ಏನು, ಜನವರಿಗೆ ಹೆಡ್‌ಮಾಸ್ತರ ಆಗುವವನಲ್ಲವೇ.

ನಾನೂ ಅರ್ಜಿ ಹಾಕಿದ್ದೇನೆ. ಇಪ್ಪತ್ತೊಂದು ವರ್ಷ ಗಣಿತ, ವಿಜ್ಞಾನ ಕಲಿಸಿದ್ದೇನೆ. ಈ ಮನುಷ್ಯ ಪುಸ್ತಕ ಮುಟ್ಟದೆ ಇತಿಹಾಸ ಹೇಳುತ್ತಾನೆ. ಅದೇ ದೊಡ್ಡ ವಿದ್ವತ್ತು ಅಂತ ಅಂಕೋಲೆಯೆಲ್ಲ ಹೊಗಳುತ್ತದೆ. ಉರು ಹೊಡೆದದ್ದಕ್ಕೆ ಇಷ್ಟು ಮರ್ಯಾದೆ.

೧೭ ಡಿಸೆಂಬರ್, ಶನಿವಾರ. ರೈಲಿನಲ್ಲಿ, ಬೆಳಿಗ್ಗೆ

ಮೂವತ್ತೆಂಟು ಮಕ್ಕಳು, ಮಧುಕೇಶ್ವರ, ನಾನು, ಆಯಾ ಗಂಗಿ. ಗಂಗಿ ಹಟ್ಟಿಕೇರಿಯವಳು. ಮಾಸ್ತರರ ಚೀಲ ಹೊರುವುದು, ಮಾಸ್ತರರ ಪಕ್ಕದಲ್ಲೇ ನಡೆಯುವುದು… ಹತ್ತುವಾಗ ಮೆಟ್ಟಿಲ ಹತ್ತಿರ ಕೈ ಬೇರೆ ಹಿಡಿದಳು. ಮಹಾರಾಜರ ಸವಾರಿ.

ಕಿಟಕಿಯ ಪಕ್ಕ ಕುಳಿತು ಕಣ್ಣು ಮುಚ್ಚಿದ್ದಾನೆ. ಕಾಳಿ ಸೇತುವೆಯ ಸದ್ದು ಬಂದ ಕೂಡಲೆ ಸದಾಶಿವಗಡದ ಕೋಟೆಯ ಕತೆ ಶುರು. ಮಕ್ಕಳೆಲ್ಲ ಕಿಟಕಿಗೆ. ಅವನು ಮಾತ್ರ ಹೊರಗೆ ನೋಡುವುದಿಲ್ಲ. ಎಂಥ ಗತ್ತು.

ಅದೇ ದಿನ, ಮನೆಗೆ ಬಂದು

ಮಲಗುವ ಹೊತ್ತು ಮೀರಿದೆ. ಆದರೂ ಬರೆಯುತ್ತೇನೆ.

ಮಡಗಾವದಲ್ಲಿ ಗಾಡಿ ಬದಲಿಸಿ ಕರಮಳಿ ಸ್ಟೇಷನ್ನಿನಲ್ಲಿ ಇಳಿದೆವು. ಅಲ್ಲಿಂದ ನಡಿಗೆ. ಚರ್ಚುಗಳ ಬಿಳಿ ಗೋಪುರಗಳು, ಕೆಂಪು ಕಲ್ಲು, ಬೆವರು. ಇಗರ್ಜಿಯಲ್ಲಿ ಚೆನ್ನಾಗಿಯೇ ಹೇಳಿದ, ಒಪ್ಪಬೇಕು. ಪ್ಲೇಗು ಬಂದದ್ದು, ಜನ ಊರು ಬಿಟ್ಟದ್ದು. ಗಲಾಟೆಯ ಭವ್ಯಾ ಸಹ ಬಾಯಿ ಮುಚ್ಚಿ ಕೇಳಿದಳು.

ಆಮೇಲೆ ಮ್ಯೂಸಿಯಂ. ಮೇಲಿನ ಮಹಡಿಯಲ್ಲಿ ವೈಸ್‌ರಾಯ್‌ಗಳ ಚಿತ್ರಗಳು, ಸಾಲಾಗಿ. ಒಂದೊಂದರ ಮುಂದೆ ನಿಂತು ಗಡ್ಡ, ಕತ್ತಿ, ಕಾಲುಚೀಲ ಎಲ್ಲ ವರ್ಣಿಸಿದ. ಏಳನೆಯದೋ ಎಂಟನೆಯದೋ ಜಾಗಕ್ಕೆ ಬಂದೆವು. ಅಲ್ಲಿ ಚಿತ್ರವೇ ಇಲ್ಲ. ಖಾಲಿ ಗೋಡೆ, ಒಂದು ಚೀಟಿ — ದುರಸ್ತಿಗೆ ಒಯ್ಯಲಾಗಿದೆ ಅಂತ. ಈತ ಗೋಡೆಗೆ ಕೈ ತೋರಿಸಿ, ‘ನೋಡಿ, ಇವನ ಕಣ್ಣಲ್ಲಿ ಎಷ್ಟು ಸೊಕ್ಕು’ ಎಂದ.

ಭವ್ಯಾ ಕಿಸಕ್ಕೆಂದಳು. ನನಗೆ ಎಷ್ಟು ಖುಷಿಯಾಯಿತೆಂದರೆ — ಇಪ್ಪತ್ತೊಂದು ವರ್ಷದ ಕಾಯುವಿಕೆ. ಸಿಕ್ಕಿಬಿದ್ದ.

‘ಮಾಸ್ತರೆ, ಆ ಚೀಟಿಯಲ್ಲಿ ಎಂತ ಬರ್ದದ್ದು, ಮಕ್ಕಳಿಗೆ ಓದಿ ಹೇಳಿ.’

‘ನೀವೇ ಓದಿ ಅಕ್ಕೋರೆ. ಇಂಗ್ಲಿಷು ನಿಮ್ಮದು ಚಲೋ.’

‘ಇತಿಹಾಸ ನಿಮ್ಮದಲ್ದಾ. ನೀವೇ ಓದಿ.’

ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ. ಗಂಗಿ ಮುಂದೆ ಬಂದು ಮೊಣಕೈ ಹಿಡಿದಳು. ‘ಮಾಸ್ತರೆ, ಊಟದ ಹೊತ್ತಾತು. ಬನ್ನಿ.’ ಮೆಟ್ಟಿಲಿಗೆ ಹೋದರು. ಆಗ ಅವನ ಕಾಲು ನೋಡಿದೆ. ಪ್ರತಿ ಮೆಟ್ಟಿಲನ್ನೂ ಪಾದದಿಂದ ತಡವಿ ಇಳಿಯುತ್ತಿದ್ದ.

ವಾಪಸು ಬರುವಾಗ ಗಂಗಿಯನ್ನು ರೈಲಿನ ಬಾಗಿಲ ಹತ್ತಿರ ಕರೆದು ಕೇಳಿದೆ.

‘ಸಕ್ರೆ ಕಾಯ್ಲೆ ಅಕ್ಕೋರೆ. ಬಲಗಣ್ಣು ಪೂರಾ ಹೋಯ್ದು. ಎಡಗಣ್ಣಲ್ಲಿ ಬರೀ ನೆಳ್ಳು. ಎರಡು ವರ್ಸ ಆತು.’

‘ಪೇಪರು ಯಾರು ತಿದ್ದೂದು?’

‘ಅವ್ರ ಹೆಂಡ್ತಿ ಓದ್ತಾರೆ, ಇವ್ರು ಮಾರ್ಕು ಹೇಳ್ತಾರೆ.’ ಬಾಗಿಲ ಕಂಬಿ ಹಿಡಿದುಕೊಂಡು, ‘ಮಕ್ಕಳ ಎದುರಿಗೆ ಹಾಂಗೆ ಮಾಡ್ಬಾರ್ದಾಗಿತ್ತು ನೀವು’ ಎಂದಳು.

ಆಯಾ ನನಗೆ ಬುದ್ಧಿ ಹೇಳುವುದು. ಇಷ್ಟು ದಿನ ಊರಿಗೇ ಮೋಸ ಮಾಡಿದವನು ಅವನು, ತಪ್ಪು ಮಾತ್ರ ನನ್ನದಂತೆ.

೩೦ ಡಿಸೆಂಬರ್

ಶಾಲಾ ಕಮಿಟಿಯ ಸೆಕ್ರೆಟರಿ ಕಮಲಾಕರರು ಮನೆಗೆ ಕರೆಸಿದ್ದರು. ಹೆಡ್‌ಮಾಸ್ತರ ಯಾರೆಂದು ಸೋಮವಾರ ಕಮಿಟಿ ನಿರ್ಧರಿಸುತ್ತದೆ. ‘ಮಾಸ್ತರರ ಆರೋಗ್ಯ ಹೇಗದೆ? ನಿಮಗೇನಾದ್ರೂ ಗೊತ್ತಾ?’

ಬಾಯಿಯವರೆಗೆ ಬಂತು. ‘ನಂಗೆಂತ ಗೊತ್ತಿಲ್ಲ’ ಎಂದೆ.

ಕರುಣೆಯಿಂದಲ್ಲ. ಕಣ್ಣಿಲ್ಲದವನನ್ನು ತಳ್ಳಿ ಕುರ್ಚಿ ಹಿಡಿದಳು ಎಂದು ಊರು ಆಡಿಕೊಳ್ಳುವುದು ಬೇಡ. ನನಗೆ ಗೆಲುವು ಬೇಕಿತ್ತು, ಭಿಕ್ಷೆಯಲ್ಲ.

೧೧ ಜನವರಿ ೨೦೦೬

ನಿರೀಕ್ಷೆಯಂತೆ ಅವನೇ ಹೆಡ್‌ಮಾಸ್ತರ. ಹಾರ, ಪೇಡೆ, ಭಾಷಣ. ನಾನು ಪೇಡೆ ತಿನ್ನಲಿಲ್ಲ.

ಮೂರು ಗಂಟೆಗೆ ಚೇಂಬರಿಗೆ ಕರೆದ. ‘ಬಾಗಿಲು ಹಾಕಿ ಅಕ್ಕೋರೆ. ಗಂಗಿ ನಿಮ್ಮ ಹತ್ರ ಹೇಳಿದ್ದು ನಂಗೂ ಹೇಳಿದ್ಲು. ಸುತ್ತೋಲೆ ಓದೂಕೆ ಅವಳಿಗೆ ಬರೂದಿಲ್ಲ.’ ಮೇಜಿನ ಮೇಲಿನ ಕಾಗದದ ರಾಶಿ ನನ್ನ ಕಡೆ ಸರಿಸಿದ. ನಾಚಿಕೆಯೇ ಇಲ್ಲ. ನನಗೂ ಇಲ್ಲ — ಕುಳಿತು ಓದಿದೆ. ಎಲ್ಲ.

೯ ಫೆಬ್ರವರಿ

ದಿನಾ ಮೂರರಿಂದ ನಾಲ್ಕು. ಇಲಾಖೆಯವರ ಕನ್ನಡ ಕೇಳಿದರೆ ಓದಲು ಬಾರದಿರುವುದೇ ಪುಣ್ಯ. ಹಾಗೆಂದೆ. ನಕ್ಕ. ಒಂದು ಸಲ ಕೇಳಿದ್ದು ಮರೆಯುವುದಿಲ್ಲ ಈ ಮನುಷ್ಯ, ತಾರೀಖು ಸಮೇತ.

೧೧ ಮಾರ್ಚ್, ಶನಿವಾರ ಸಂಜೆ

ಇಲಾಖೆಯಿಂದ ನೋಟೀಸು. ಯಾರೋ ಹೆಸರಿಲ್ಲದೆ ದೂರು ಕೊಟ್ಟಿದ್ದಾರೆ. ಹೆಡ್‌ಮಾಸ್ತರರಿಗೆ ದೃಷ್ಟಿ ಇಲ್ಲ. ಹದಿನೈದು ದಿನದಲ್ಲಿ ಕಣ್ಣಿನ ಡಾಕ್ಟರ ಸರ್ಟಿಫಿಕೇಟು ಕೊಡಬೇಕು. ಬಿಡದೆ ಪೂರ್ತಿ ಓದಿದೆ. ಗಂಗಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

‘ನಾನು ಬರ್ದದ್ದಲ್ಲ’ ಎಂದೆ.

‘ಗೊತ್ತು,’ ಎಂದರು ಮಾಸ್ತರು. ‘ನೀವಾದ್ರೆ ಹೆಸರು ಹಾಕ್ತಿದ್ರಿ.’

ಆಮೇಲೆ, ‘ಉತ್ತರ ಬರ್ಕೊಳ್ಳಿ’ ಎಂದರು. ನಿಧಾನವಾಗಿ ಹೇಳಿದರು. ದೂರು ನಿಜ. ತಾನು ಹುದ್ದೆಯಿಂದ ಇಳಿಯುವುದಾಗಿ. ಪ್ರಭಾರವನ್ನು ಹಿರಿಯ ಶಿಕ್ಷಕಿ ಹರಿಣಿ ಅವರಿಗೆ ವಹಿಸಬೇಕು, ಅವರು ಎಲ್ಲ ರೀತಿಯಿಂದ ಯೋಗ್ಯರು. ನನ್ನ ಹೆಸರು ಬಂದಲ್ಲಿ ಪೆನ್ನು ನಿಂತಿತು, ಆ ಸಾಲು ಬರೆಯಲಿಲ್ಲ.

‘ಬರ್ದಾಯ್ತಾ?’

‘ಆಯ್ತು.’

ಬೆರಳು ಹಿಡಿದು ಜಾಗ ತೋರಿಸಿದೆ. ಸಹಿ ಹಾಕಿದರು. ಚಂದದ ಸಹಿ, ಒಂಚೂರೂ ಸೊಟ್ಟ ಇಲ್ಲ.

ಕಾಗದ ನನ್ನ ಬ್ಯಾಗಿನಲ್ಲಿದೆ. ಸಹಿಯ ಮೇಲೆ ಎರಡು ಸಾಲಿನಷ್ಟು ಜಾಗ ಖಾಲಿ. ಅಲ್ಲಿ ನಾನು ಏನು ಬರೆದರೂ ಅವರದೇ ಮಾತು. ಹರಿದು ಹಾಕಿದರೂ ಅವರಿಗೆ ತಿಳಿಯುವುದಿಲ್ಲ. ನಾಳೆ ಭಾನುವಾರ, ಪೋಸ್ಟಾಫೀಸು ಇಲ್ಲ. ಸೋಮವಾರ ಹತ್ತು ಗಂಟೆಗೆ ತೆರೆಯುತ್ತದೆ.