ಗಂಟಿಗೊಂದು ಗಂಟೆ

ಫೆಬ್ರವರಿ 4, ಸೋಮವಾರ. ಬೆಳಗ್ಗೆ 10.20

ತಪ್ಪೊಪ್ಪಿಗೆ. ಈ ದಿನ ಬೆಳಗ್ಗೆ, ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ, ಗ್ರಂಥಾಲಯದ ಪುಸ್ತಕವೊಂದರ 212ನೆಯ ಪುಟದಲ್ಲಿ ಬರೆದಿದ್ದೇನೆ. ಪೆನ್ಸಿಲಿನಲ್ಲಲ್ಲ, ಇಂಕಿನಲ್ಲಿ. ಆಯುಧ: ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನು. ಸಾಕ್ಷಿ: ಗೋಡೆಯ ಮೇಲಿನ ಹಲ್ಲಿ. ಮೃತರು: ಹದಿನಾಲ್ಕನೆಯ ಲೆಕ್ಕದ ಉತ್ತರ.

ಪುಸ್ತಕ ಯಾವುದೆಂದರೆ ಇಲಾಖಾ ಪರೀಕ್ಷೆಯ ಅಂಕಗಣಿತದ ಗೈಡು. ಲೆಕ್ಕ ಹೀಗಿದೆ — ಗಂಟೆಗೆ ಐದು ನಿಮಿಷ ಮುಂದೆ ಓಡುವ ಗಡಿಯಾರವನ್ನು ಬೆಳಗ್ಗೆ ಆರಕ್ಕೆ ಸರಿಮಾಡಿ ಇಟ್ಟರು. ಅದು ಹನ್ನೆರಡೂವರೆ ತೋರಿಸುವಾಗ ನಿಜವಾದ ವೇಳೆ ಎಷ್ಟು? ಆರೂವರೆ ಗಂಟೆ, ಗಂಟೆಗೆ ಐದರಂತೆ ಮೂವತ್ತೆರಡೂವರೆ ನಿಮಿಷ. ಕಳೆದರೆ 11.57½. ಎಳೆ ಮಗು ಮಾಡುವ ಲೆಕ್ಕ. ಪುಸ್ತಕದ ಹಿಂದೆ ಅಚ್ಚಾಗಿರುವ ಉತ್ತರ — 12. ಹೊಡೆದು ಹಾಕಿದೆ. ಪಕ್ಕದಲ್ಲಿ "ಅಚ್ಚಿನ ತಪ್ಪು" ಎಂದು ಬರೆದು ಸಹಿಯನ್ನೂ ಹಾಕಿದೆ. ಇತಿಹಾಸದ ಮೇಷ್ಟರಿಗೆ ಇತಿಹಾಸ ತಿದ್ದುವ ಅವಕಾಶ ದಿನಾ ಸಿಗುವುದಿಲ್ಲ.

ಅದೇ ದಿನ, ಸಂಜೆ

ಅಕ್ಕನಿಗೆ ಪಾಠ ಶುರು. ಆಸ್ಪತ್ರೆಯ ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷ ದುಡಿದವಳು. ಸೋಡಾ, ಬ್ಲೀಚು, ಕುದಿನೀರು. ಬೆರಳುಗಳೆಲ್ಲ ಬಿರುಕು ಬಿಟ್ಟಿವೆ. ತೋರುಬೆರಳಿಗೆ ಬಟ್ಟೆ ಸುತ್ತಿಕೊಂಡು ಪೆನ್ನು ಹಿಡಿಯುತ್ತಾಳೆ. ನೀರಿನ ಕೆಲಸ ಬಿಡದಿದ್ದರೆ ಮುಲಾಮು ಹಚ್ಚಿ ಪ್ರಯೋಜನವಿಲ್ಲ ಎಂದು ಚರ್ಮದ ಡಾಕ್ಟರು ಹೇಳಿಯಾಗಿದೆ. ಇರುವುದು ಒಂದೇ ದಾರಿ, ಅದೇ ಆಸ್ಪತ್ರೆಯ ಸ್ಟೋರ್‌ಕೀಪರ್ ಹುದ್ದೆ. ಒಣಗಿದ ಕೋಣೆ, ಕಪಾಟು, ರಿಜಿಸ್ಟರು. ಅದಕ್ಕೆ ಇಲಾಖಾ ಪರೀಕ್ಷೆ ಪಾಸಾಗಬೇಕು. ಎರಡು ಸಲ ಬರೆದಿದ್ದಾಳೆ, ಎರಡೂ ಸಲ ಅಂಕಗಣಿತದಲ್ಲೇ ಬಿದ್ದಿದ್ದಾಳೆ. ಜೂನಿಗೆ ನಲವತ್ತೈದು ತುಂಬುತ್ತದೆ. ಆಮೇಲೆ ಕೂರಲು ಬಿಡುವುದಿಲ್ಲ. ಮಾರ್ಚ್ 3 ಕೊನೆಯದು.

ಧೈರ್ಯ ತುಂಬಿದೆ. ನಾನಾಗಿದ್ದರೆ ಇಂಥ ಪರೀಕ್ಷೆಯನ್ನು ಎಡಗೈಯಲ್ಲಿ ಬರೆದು ಬಿಸಾಕುತ್ತಿದ್ದೆ ಎಂದೆ. ಬರೆಯಲಿಲ್ಲ ಅಷ್ಟೆ. ಕಾಲೇಜು ಕರೆಯಿತು, ಹೋದೆ. ಅಕ್ಕ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ನನ್ನ ವಿದ್ವತ್ತಿಗೆ ಬೆರಗಾಗಿರಬೇಕು. ಆಮೇಲೆ ಪುಟ ತಿರುಗಿಸಿದಳು.

ಫೆಬ್ರವರಿ 9, ಶನಿವಾರ

ರೈಲು, ನಲ್ಲಿ, ತೊಟ್ಟಿ ಎಲ್ಲ ಮುಗಿದವು. ಗಡಿಯಾರ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ. ನನ್ನ ಸೂತ್ರ ಎರಡೇ ಸಾಲು — ಕಳೆದ ಗಂಟೆಗಳನ್ನು ತಪ್ಪಿನಿಂದ ಗುಣಿಸು. ಮುಂದೆ ಓಡುವುದಾದರೆ ಕಳೆ, ಹಿಂದೆ ಬೀಳುವುದಾದರೆ ಕೂಡು. ಅಕ್ಕ ಬಾಯಿಪಾಠ ಮಾಡಿದ್ದಾಳೆ. ಆದರೂ ಗೈಡಿನ ಉತ್ತರಗಳಿಗೆ ತಾಳೆಯಾಗುತ್ತಿಲ್ಲ. ಎಷ್ಟೊಂದು ಅಚ್ಚಿನ ತಪ್ಪುಗಳು... ಇವತ್ತು ಇನ್ನೂ ಮೂರನ್ನು ತಿದ್ದಿದೆ. ಕೆಂಪು ಇಂಕು ಮುಗಿಯುತ್ತಾ ಬಂತು.

ಫೆಬ್ರವರಿ 10, ಭಾನುವಾರ. ಮಧ್ಯಾಹ್ನ

ಭಾವ ಬಾಯಿ ಹಾಕಿದರು.

ಭಾವ ಗಡಿಯಾರ ರಿಪೇರಿ ಮಾಡುವವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ನನ್ನ ಕೈಗಡಿಯಾರ ನಾಲ್ಕು ತಿಂಗಳಿಂದ ಅಲ್ಲಿ ಬಿಚ್ಚಿಕೊಂಡು ಮಲಗಿದೆ. ನೆಂಟರ ಸರದಿ ಕೊನೆಗೆ ಎಂಬುದು ಅವರ ನಿಯಮ. ಇಷ್ಟು ದಿನ ನಮ್ಮ ಪಾಠವನ್ನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಕೇಳುತ್ತಿದ್ದರು. ಇವತ್ತು ಅದನ್ನು ತೆಗೆದಿಟ್ಟು, ಗಂಟೆಗೆ ಐದು ನಿಮಿಷ ಓಡುವ ಗಡಿಯಾರ ಇಟ್ಟುಕೊಂಡವನು ಲೆಕ್ಕದ ಮೇಷ್ಟರ ಹತ್ತಿರ ಯಾಕೆ ಹೋಗಬೇಕು, ತಮ್ಮ ಹತ್ತಿರ ಬರಬಹುದಲ್ಲ ಎಂದು ಕೇಳಿದರು. ನಕ್ಕೆವು. ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ.

"ಮೇಷ್ಟ್ರೇ, ಆ ಹನ್ನೆರಡು ಅನ್ನೋದನ್ನ ಯಾಕೆ ಹೊಡೆದು ಹಾಕಿದೀರಿ? ಸರಿಯಾಗೇ ಇದೆಯಲ್ಲ."

"ಹೇಗೆ ಸರಿ? ಆರೂವರೆ ಗಂಟೆ ಕಳೆದಿದೆ ಭಾವ."

"ಯಾರ ಆರೂವರೆ? ಅದರದ್ದು. ಓಡೋ ಗಡಿಯಾರಕ್ಕೆ ತಾನು ಓಡ್ತಿದೀನಿ ಅಂತ ಗೊತ್ತಿರಲ್ಲ. ನಮ್ಮ ಅರವತ್ತು ನಿಮಿಷಕ್ಕೆ ಅದು ಅರವತ್ತೈದು ನಡೆಯುತ್ತೆ. ನೀವು ಅದರ ಗಂಟೆಗೆ ಐದು ಕಳೀತಿದೀರಿ. ಐದು ಬರೋದು ನಮ್ಮ ಗಂಟೆಗೆ."

ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವರು. ನಾನು ಎಂ.ಎ. ಎರಡು ನಿಮಿಷ ಪುಸ್ತಕ ನೋಡಿದೆ. ಆಮೇಲೆ ಇಪ್ಪತ್ತು ನಿಮಿಷ ಮಾತಾಡಿದೆ. ಅಕ್ಕ ಒಮ್ಮೆ ಗಂಡನ ಮುಖ, ಒಮ್ಮೆ ತಮ್ಮನ ಮುಖ ನೋಡಿದಳು. ಪರೀಕ್ಷೆಗೆ ಇಪ್ಪತ್ತೊಂದು ದಿನ ಇದೆ, ಇಬ್ಬರಲ್ಲಿ ಯಾರನ್ನು ನಂಬಬೇಕು ಅಂತ ಒಂದು ತೀರ್ಮಾನ ಮಾಡಿಕೊಂಡು ಬನ್ನಿ ಎಂದಳು. ಪುಸ್ತಕ ಮುಚ್ಚಿದಳು.

"ಮಾತಲ್ಲಿ ಮೇಷ್ಟ್ರನ್ನ ಸೋಲಿಸೋಕಾಗಲ್ಲ. ಮುಂದಿನ ಭಾನುವಾರ ಮಾಡಿ ತೋರಿಸ್ತೀನಿ," ಎಂದರು ಭಾವ.

ಗಡಿಯಾರಕ್ಕೆ ಎರಡು ಮುಳ್ಳು. ನನಗೆ ಚುಚ್ಚಿದ್ದು ದೊಡ್ಡದು.

ಫೆಬ್ರವರಿ 17, ಭಾನುವಾರ. ಮಧ್ಯಾಹ್ನ 1

ಒಂದು ವಾರ ಆ ಕಡೆ ತಲೆ ಹಾಕಲಿಲ್ಲ. ಕಾಲೇಜಿನಲ್ಲಿ ಬಹಳ ಕೆಲಸ. (ಇರಲಿಲ್ಲ.)

ಬೆಳಗ್ಗೆ ಆರಕ್ಕೆ ಮೊದಲೇ ಹೋದೆ. ಅಂಗಡಿಯ ಗೋಡೆಯ ಮೇಲೆ ಮರದ ಪೆಟ್ಟಿಗೆಯ ಹಳೆಯ ಲೋಲಕದ ಗಡಿಯಾರ. ರಿಪೇರಿಗೆ ಕೊಟ್ಟ ಗಿರಾಕಿ ವಾಪಸು ಬಂದೇ ಇಲ್ಲ. ಅದರ ಲೋಲಕದ ಕಂಬಿಯನ್ನು ಕತ್ತರಿಸಿ ಗುಂಡನ್ನು ಎರಡು ಬೆರಳಿನಷ್ಟು ಮೇಲೆ ಕಟ್ಟಿದ್ದಾರೆ. ಕತ್ತರಿಸುವುದು, ಒಂದು ಗಂಟೆ ಕಾಯುವುದು, ಮತ್ತೆ ಒಂದು ಕೂದಲೆಳೆಯಷ್ಟು ಸರಿಸುವುದು... ಐದು ದಿನ. ಬಂದ ಗಿರಾಕಿಗಳನ್ನೆಲ್ಲ ನಾಳೆ ಬನ್ನಿ ಎಂದು ಕಳಿಸಿದರಂತೆ. ಇಪ್ಪತ್ತೇಳು ವರ್ಷ ಗಡಿಯಾರ ಸರಿಮಾಡಿದವರು, ಇದೇ ಮೊದಲು ಒಂದನ್ನು ಕೆಡಿಸಿದ್ದು. ಅದೂ ಇಷ್ಟು ಸರಿಯಾಗಿ ಕೆಡಿಸುವುದು ಎಲ್ಲರ ಕೈಲಿ ಆಗುವುದಿಲ್ಲ ಎಂದು ಅಕ್ಕ ಅಂದಾಗ ಭಾವನ ಕಿವಿ ಕೆಂಪಾಯಿತು.

ರೇಡಿಯೋ ಆರು ಎಂದಾಗ ಮುಳ್ಳು ಆರಕ್ಕೆ ಇಟ್ಟರು. ತಿಂಡಿ ತಿಂದೆವು. ನಾನು ಪೇಪರು ಓದಿದಂತೆ ಮಾಡಿದೆ. ಏಳಕ್ಕೆ ಅದು ಏಳು ಐದು. ಎಂಟಕ್ಕೆ ಎಂಟು ಹತ್ತು. ಅಲ್ಲಿಯವರೆಗೂ ಧೈರ್ಯ ಇತ್ತು. ಹನ್ನೊಂದೂವರೆಯಿಂದ ಮೂವರೂ ಗೋಡೆಗೆ ಮುಖ ಮಾಡಿ ಕೂತೆವು. ನನ್ನ ಪ್ರಕಾರ ಮುಳ್ಳು ಹನ್ನೆರಡೂವರೆಗೆ ಬಂದಾಗ ರೇಡಿಯೋದ ಹನ್ನೆರಡಕ್ಕೆ ಇನ್ನೂ ಎರಡೂವರೆ ನಿಮಿಷ ಇರಬೇಕು. ಮುಳ್ಳು ಹನ್ನೆರಡೂವರೆಗೆ ಬಂತು. ರೇಡಿಯೋ ಪೀಂ ಪೀಂ ಎಂದಿತು. ಹನ್ನೆರಡು.

ಯಾರೂ ನನ್ನನ್ನು ನೋಡಲಿಲ್ಲ. ಅದು ಇನ್ನೂ ಕಷ್ಟ.

ಮೊದಲು ಮಾತಾಡಿದ್ದು ಅಕ್ಕ. "ಅಯ್ಯೋ, ಇದು ಗಂಟು ಕಟ್ಟೋ ಲೆಕ್ಕ," ಎಂದಳು. ಲಾಂಡ್ರಿಯಲ್ಲಿ ಹಾಸುಬಟ್ಟೆಗಳನ್ನು ಎಣಿಸಿ ಗಂಟು ಕಟ್ಟುತ್ತಾರೆ. ಬಟ್ಟೆ ಎಷ್ಟೇ ಇರಲಿ, ಲಿಫ್ಟಿಗೆ ಹೋಗುವಾಗ ಗಂಟು ಲೆಕ್ಕ. ಓಡುವ ಗಡಿಯಾರ ತೋರಿಸಿದ ನಿಮಿಷಗಳನ್ನೆಲ್ಲ ಅರವತ್ತೈದರಂತೆ ಗಂಟು ಕಟ್ಟು. ಗಂಟಿಗೊಂದು ಗಂಟೆ. ಮುನ್ನೂರ ತೊಂಬತ್ತು ನಿಮಿಷ, ಆರು ಗಂಟು, ಆರು ಗಂಟೆ. ನಿಧಾನದ ಗಡಿಯಾರ ಐದು ಹಿಂದೆ ಬಿದ್ದರೆ ಐವತ್ತೈದರ ಗಂಟು. ನಾಲ್ಕು ಲೆಕ್ಕ ಕೊಟ್ಟೆ. ನಾಲ್ಕೂ ಸರಿ. ಗೈಡಿನ ಅಚ್ಚಿನ ಜೊತೆ ತಾಳೆ. ನನ್ನ ಕೆಂಪು ಇಂಕಿನ ಜೊತೆ ಅಲ್ಲ.

ಅವಮಾನ ಆಗಬೇಕಿತ್ತು. ಆಗಿದ್ದು ನಿರಾಳ. ಮಾರ್ಚಿನಲ್ಲಿ ಅಕ್ಕ ಬೀಳುವ ಬದಲು ಫೆಬ್ರವರಿಯಲ್ಲಿ ನಾನು ಬಿದ್ದೆ. ಪೆಟ್ಟೂ ಕಮ್ಮಿ, ಭಾವ ಊಟಕ್ಕೆ ಎಬ್ಬಿಸಿದರು.

ಮಾರ್ಚ್ 3, ಭಾನುವಾರ. ಬೆಳಗ್ಗೆ 9.50. ಪರೀಕ್ಷಾ ಕೇಂದ್ರದ ಎದುರಿನ ಕಟ್ಟೆ

 ಕಾಯುತ್ತಾ ಬರೆಯುತ್ತಿದ್ದೇನೆ.

ಒಂಬತ್ತೂವರೆಗೆ ಪರೀಕ್ಷೆ. ಬಾಗಿಲು ಹಾಕಿದ ಮೇಲೆ ಯಾರನ್ನೂ ಬಿಡುವುದಿಲ್ಲ. ಅಕ್ಕನ ಮನೆಯಿಂದ ಇಪ್ಪತ್ತು ನಿಮಿಷದ ನಡಿಗೆ. ಕರೆದೊಯ್ಯುವ ಹೊಣೆ ನನ್ನದು. ದಾರಿಯಲ್ಲಿ ಅವಳಿಗೆ ಹಿಡಿಯಲು ಮೆತ್ತಗಿರುವ ದಪ್ಪ ಪೆನ್ನು ತೆಗೆದುಕೊಳ್ಳೋಣವೆಂದು ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ. ಮಾತಿಗೆ ನಿಂತೆ. ಕೈಯಲ್ಲಿ ಗಡಿಯಾರವಿಲ್ಲ, ಬಾಯಿಗೆ ಬ್ರೇಕಿಲ್ಲ. ಎಷ್ಟು ಹೊತ್ತು ನಿಂತೆನೋ.

ಅಕ್ಕನ ಮನೆಗೆ ಕಾಲಿಟ್ಟು ಗೋಡೆ ನೋಡಿದರೆ ಒಂಬತ್ತೂ ಕಾಲು.  ಕಾಲು ಗಂಟೆ, ಇಪ್ಪತ್ತು ನಿಮಿಷದ ದಾರಿ, ಕೊನೆಯ ಪರೀಕ್ಷೆ. ನಾನು ಒಂದು ಪೆನ್ನಿಗೋಸ್ಕರ... ಏನು ಕೂಗಿದೆನೋ ನೆನಪಿಲ್ಲ. ಭಾವ ಬಚ್ಚಲಿನಿಂದ ಸೋಪು ಹಚ್ಚಿದ ಮುಖದಲ್ಲೇ ಓಡಿ ಬಂದರು. ಅಕ್ಕ ಕನ್ನಡಿ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಿದ್ದಳು. ತಿರುಗಲೂ ಇಲ್ಲ.

"ನಿನ್ನ ಭಾವ ಇವತ್ತೂ ಅದನ್ನ ಆರಕ್ಕೆ ಸರಿಮಾಡಿ ಇಟ್ಟಿದಾರೆ ಕಣೋ. ಅದರ ಮೂರೂ ಕಾಲು ಗಂಟೆ. ನೂರ ತೊಂಬತ್ತೈದು ನಿಮಿಷ. ಅರವತ್ತೈದರ ಮೂರು ಗಂಟು." ಬಾಚಣಿಗೆ ಕೆಳಗಿಟ್ಟಳು. "ಈಗ ಒಂಬತ್ತು ಗಂಟೆ. ಕೂತ್ಕೊಂಡು ನೀರು ಕುಡಿ."

ಒಳಗಿನ ರೇಡಿಯೋ ಒಂಬತ್ತು ಎಂದಿತು.

ಭಾವ ಸೋಪಿನ ಮುಖದಲ್ಲೇ ಕೂತು ನಕ್ಕರು. ನಾನೂ ಕೂತು ನೀರು ಕುಡಿದೆ. ಅವಳು ಪಾಸು. ಪ್ರಶ್ನೆಪತ್ರಿಕೆ ಇನ್ನೂ ಬಿಚ್ಚಿಲ್ಲ, ಆದರೂ ಪಾಸು. ಒಂಬತ್ತು ಇಪ್ಪತ್ತಕ್ಕೆ ಗೇಟಿನೊಳಗೆ ಹೋದಳು, ದಪ್ಪ ಪೆನ್ನು ಹಿಡಿದುಕೊಂಡು.

ಏಪ್ರಿಲ್ 11, ಗುರುವಾರ. ಸಂಜೆ

ಅಂಕಗಣಿತದಲ್ಲಿ ನಲವತ್ತಕ್ಕೆ ಮೂವತ್ತೊಂದು. ಬೇಕಿದ್ದದ್ದು ಇಪ್ಪತ್ನಾಲ್ಕು.

ಸೋಮವಾರದಿಂದ ಸ್ಟೋರು. ಲಾಂಡ್ರಿಗೆ ರಜೆ ಹಾಕಿ ಹತ್ತು ದಿನವಾಯಿತು. ಅಕ್ಕ ಲಾಂಡ್ರಿಯಲ್ಲಿ, ವಾರ್ಡಿನಲ್ಲಿ, ಗೇಟಿನ ಕಾವಲುಗಾರನಿಗೂ ಒಂದೇ ಮಾತು ಹೇಳಿದ್ದಾಳೆ — ನನ್ನ ತಮ್ಮ ಹೇಳಿಕೊಟ್ಟ. ಕಾಲೇಜಿಗೂ ಸುದ್ದಿ ಬಂತು. ಸ್ಟಾಫ್ ರೂಮಿನಲ್ಲಿ ನನ್ನ ಬೋಧನಾ ಪದ್ಧತಿಯ ಬಗ್ಗೆ ಅರ್ಧ ಗಂಟೆ ವಿವರಿಸಿದೆ. "ಗಂಟಿಗೊಂದು ಗಂಟೆ" ನಾನೇ ಕಂಡುಹಿಡಿದದ್ದು ಎಂದು ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಭಾವ ನನ್ನ ಕೈಗಡಿಯಾರ ಸರಿಮಾಡಿ ಕಳಿಸಿದ್ದಾರೆ. ಅದು ಸರಿಯಾಗಿಯೇ ನಡೆಯುತ್ತಿದೆ. ಎರಡು ಸಲ ನೋಡಿದೆ.

ಅಕ್ಕನ ಬೆರಳಿಗೆ ಇವತ್ತು ಬಟ್ಟೆ ಸುತ್ತಿರಲಿಲ್ಲ.

ಏಪ್ರಿಲ್ 12, ಶುಕ್ರವಾರ. ಬೆಳಗ್ಗೆ 11.30

ಗ್ರಂಥಾಲಯಕ್ಕೆ ಪುಸ್ತಕ ವಾಪಸು. ಅಕ್ಕನೂ ಬಂದಳು. 212ನೆಯ ಪುಟದಲ್ಲಿ ನನ್ನ ತಿದ್ದುಪಡಿಯ ಕೆಳಗೆ "ತಿದ್ದಿದವನದೇ ತಪ್ಪು, 12 ಸರಿ" ಎಂದು ಬರೆದು ಮತ್ತೆ ಸಹಿ ಹಾಕಿದೆ. ಗ್ರಂಥಪಾಲಕರು ಎರಡೂ ಸಹಿ ನೋಡಿ, ನನ್ನನ್ನು ನೋಡಿ, ಏನೂ ಕೇಳದೆ ಮುದ್ರೆ ಒತ್ತಿದರು.

ಮೆಟ್ಟಿಲು ಇಳಿಯುವಾಗ ಅಕ್ಕ ಅಂದಳು, "ಆಗಲೂ ಗೈಡು ಹಿಡ್ಕೊಂಡು ನೀನು ಒಬ್ಬನೇ ಹೀಗೇ ಗೊಣಗ್ತಿದ್ದೆ. ಅಚ್ಚಿನ ತಪ್ಪು ಅಂತ."

"ಯಾವಾಗ?"

"ನೀನು ಇದೇ ಪರೀಕ್ಷೆ ಬರೆದಾಗ. ಎರಡು ಸಲವೂ ಪೋಸ್ಟ್‌ಮ್ಯಾನ್ ಫಲಿತಾಂಶದ ಕವರು ನನ್ನ ಕೈಗೇ ಕೊಟ್ಟಿದ್ದು. ನೋಡಿ ನಿನ್ನ ಮೇಜಿನ ಮೇಲಿಟ್ಟೆ, ಅಪ್ಪನಿಗೆ ತೋರಿಸಲಿಲ್ಲ."

ಗೊತ್ತಿದ್ದೂ ನನ್ನನ್ನೇ ಯಾಕೆ ಪಾಠಕ್ಕೆ ಕರೆದೆ ಎಂದು ಕೇಳಿದೆ.

"ಪಾಸಾದವರು ಬೇಗ ರೇಗ್ತಾರೆ. ಎರಡು ಸಲ ಫೇಲಾದವಳ ಪಕ್ಕ ಕೂರೋಕೆ ಎರಡು ಸಲ ಫೇಲಾದವನೇ ಬೇಕಿತ್ತು."

ಇಪ್ಪತ್ತೆರಡು ವರ್ಷದಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋದಂತಾಯಿತು. ಮೆಟ್ಟಿಲ ಮೇಲೆ ನಿಂತು ಇಬ್ಬರೂ ನಕ್ಕೆವು. ಒಳಗಿನಿಂದ ಯಾರೋ ಶ್ ಎಂದರು.

ಈಗ ಫೆಬ್ರವರಿ 4ರ ಪುಟ ತೆಗೆದಿದ್ದೇನೆ. "ಬರೆಯಲಿಲ್ಲ ಅಷ್ಟೆ" ಎಂದಿದೆ. ಯಾರೂ ಓದದ ಪುಸ್ತಕದಲ್ಲೂ ಸುಳ್ಳು. ಕೆಂಪು ಪೆನ್ನಿನಿಂದಲೇ ಹೊಡೆದು ಹಾಕಿದೆ. ಬರೆದಿದ್ದೆ. ಕಾಲೇಜು ಕರೆಯಲಿಲ್ಲ, ಈ ಪರೀಕ್ಷೆ ನನ್ನನ್ನು ಬೇಡ ಎಂದದ್ದಕ್ಕೆ ಕಾಲೇಜಿಗೆ ಹೋದೆ. ಮೊದಲ ಸಲ ನಾಲ್ಕು ಅಂಕ ಕಮ್ಮಿ. ಎರಡನೆಯ ಸಲ ಒಂದೇ ಒಂದು. ಆ ಪತ್ರಿಕೆಯಲ್ಲೂ ಗಡಿಯಾರದ ಲೆಕ್ಕ ಒಂದಿತ್ತು. ಗಂಟೆಗೆ ಐದು ನಿಮಿಷ ಮುಂದೆ, ಆರಕ್ಕೆ ಸರಿಮಾಡಿ ಇಟ್ಟದ್ದು. ಪೂರ್ತಿ ನೆನಪಿದೆ. ನಾನು ಬರೆದ ಉತ್ತರವೂ... ಅದನ್ನೂ ಈ ಕೆಂಪು ಪೆನ್ನಿನಲ್ಲೇ, ಇಂಕು ಮುಗಿಯುವ ಮೊದಲು, ಇಲ್ಲಿ ಬರೆದುಬಿಡುತ್ತೇನೆ. ಹನ್ನೊಂದು ಐವತ್ತ