ದೀಪಸ್ತಂಭದವಳು ಅಳುವುದಿಲ್ಲ

ಮನೆಯಿಂದ,
ಮಾರ್ಚ್ ೯, ಸೋಮವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊಣಕೈ ನೋವು ಕಡಿಮೆಯಾಯಿತೇ? ಭಾವ ಹೋದ ಮೇಲೆ ಹಿಟ್ಟಿನ ಗಿರಣಿಯನ್ನು ಒಬ್ಬಳೇ ನಡೆಸುತ್ತೀಯ, ಸರಿ. ಮೂಟೆಗಳನ್ನೂ ಒಬ್ಬಳೇ ಎತ್ತಬೇಕೆಂದು ಯಾರು ಹೇಳಿದರು? ಇಲ್ಲಿ ಅಮ್ಮ ಆರೋಗ್ಯವಾಗಿದ್ದಾಳೆ. ಅವಳ ನಾಲಿಗೆಯೂ ಆರೋಗ್ಯವಾಗಿದೆ.

ಈಗ ಸುದ್ದಿ. ಗೆದ್ದೆ ಕಣೇ! ನಾವಿಬ್ಬರೂ ಒಂದೇ ಹೊದಿಕೆಯೊಳಗೆ ಕಿತ್ತಾಡಿಕೊಂಡು ಓದಿದ ಆ ದೀಪಸ್ತಂಭದ ಕಾದಂಬರಿ ನನ್ನ ಚಿತ್ರಗಳೊಂದಿಗೆ ಅಚ್ಚಾಗಿದೆ. ಸಲೀಸಾಗಿ ಏನೂ ಆಗಲಿಲ್ಲ. ಗಂಡ ಸಮುದ್ರದ ಪಾಲಾದ ಮೇಲೆ ದೀಪವನ್ನು ತಾನೇ ನೋಡಿಕೊಳ್ಳುವ ಆ ಹೆಂಗಸನ್ನು ಹಳೆಯ ಮುದ್ರಣಗಳ ಚಿತ್ರಗಳಲ್ಲೆಲ್ಲ ಹೇಗೆ ಬರೆದಿದ್ದರು, ನೆನಪಿದೆಯಲ್ಲ? ಬಂಡೆಯ ಮೇಲೆ ಕೂದಲು ಕೆದರಿಕೊಂಡು ಗೋಳೋ ಎಂದು ಅಳುತ್ತ. ನಾನು, ಅಂಗಿಯ ತೋಳು ಮಡಿಸಿಕೊಂಡು, ಮೂಗಿನ ತುದಿಗೆ ಮಸಿ ಹತ್ತಿದ್ದೂ ಗೊತ್ತಿಲ್ಲದೆ ಬತ್ತಿ ಸರಿಮಾಡುತ್ತಿರುವವಳನ್ನು ಬರೆದೆ. ಪ್ರಕಾಶಕರು ನೋಡಿದವರೇ ಹುಳಿ ತಿಂದ ಮುಖ ಮಾಡಿದರು. “ಕಣ್ಣೀರೇ ಇಲ್ವಲ್ಲಮ್ಮ! ಗಂಡ ಸತ್ತಿದಾನೆ ಅಂತ ಯಾರಿಗೆ ಗೊತ್ತಾಗುತ್ತೆ? ಎರಡು ಹನಿ ಹಾಕು, ಇಲ್ದಿದ್ರೆ ಬೇರೆಯವರನ್ನ ನೋಡ್ಕೋತೀನಿ.” ಎರಡು ಹನಿ ತಾನೇ, ಕುಂಚ ಅದ್ದಿದರೆ ಮುಗಿಯಿತು. ಆದರೆ ನನ್ನ ಬಾಯಿ ನನ್ನ ಮಾತು ಕೇಳಬೇಕಲ್ಲ! “ಸಾರ್, ಇಡೀ ಪುಸ್ತಕದಲ್ಲಿ ಅವಳು ಎಲ್ಲಿ ಅಳ್ತಾಳೆ ತೋರಿಸಿ, ಹಾಕ್ತೀನಿ” ಎಂದುಬಿಟ್ಟೆ.

ಅವರು ಕಾದಂಬರಿಯನ್ನು ಮನೆಗೆ ಒಯ್ದರು. ಆಮೇಲೆ ಸದ್ದೇ ಇಲ್ಲ. ಕೆಲಸ ಕೈತಪ್ಪಿತೆಂದೇ ಬಣ್ಣಗಳನ್ನೆಲ್ಲ ಪೆಟ್ಟಿಗೆಗೆ ತುಂಬಿದ್ದೆ. ಕೊನೆಗೊಂದು ದಿನ ಕರೆಸಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು: “ಎಲ್ಲೂ ಅಳಲ್ಲ ಕಣಮ್ಮ. ಇಷ್ಟು ವರ್ಷ ನಾವೇ ಅವಳನ್ನ ಅಳಿಸ್ತಿದ್ವಿ.” ಆ ಚಿತ್ರವೇ ಈಗ ಮುಖಪುಟ! ಪುಸ್ತಕದಂಗಡಿಯ ಗಾಜಿನ ಹಿಂದೆ ಸಾಲಾಗಿ ನಿಂತ ಅವಳನ್ನು ನೋಡಲು ಆ ಬೀದಿಯಲ್ಲಿ ಹೋಗುತ್ತ ಬರುತ್ತ ಇದ್ದೆನಲ್ಲ, ಎದುರಿನ ಗಡಿಯಾರ ರಿಪೇರಿಯವರು “ಏನಮ್ಮ, ಏನಾದ್ರೂ ಕಳ್ಕೊಂಡ್ಯಾ?” ಎಂದು ಕೇಳಿದರು.

ಒಂದು ಪ್ರತಿ ಇದರ ಜೊತೆಗಿದೆ. ಹಿಟ್ಟಿನ ಕೈಯಲ್ಲಿ ಮುಟ್ಟಿದರೂ ಪರವಾಗಿಲ್ಲ. ಮೈ ಕಡೆ ನಿಗಾ ಇರಲಿ.

ನಿನ್ನ ತಂಗಿ,
ಪುಟ್ಟಿ

ವಿ.ಸೂ.: ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಭಾವ ಹೋದಾಗ ನೀನು ಅಳದೆ ಗಿರಣಿ ತೆರೆದೆಯೆಂದು ಅಮ್ಮ “ಕಲ್ಲುಮನಸ್ಸಿನವಳು” ಅಂದಳಲ್ಲ, ಅಂದಿನಿಂದ ನೀನು ಈ ಮನೆಯ ಹೊಸ್ತಿಲು ತುಳಿದಿಲ್ಲ. ಯಾರನ್ನು ನೆನೆದು ಆ ಚಿತ್ರ ಬರೆದೆನೆಂದು ನಾನು ಅವಳಿಗೆ ಹೇಳಿರಲಿಲ್ಲ. ಈಗ ತಾನೇ ಪುಸ್ತಕ ಕೈಗೆತ್ತಿಕೊಂಡು ತುಂಬ ಹೊತ್ತು ನೋಡಿದಳು. “ಇವಳು ನಮ್ಮ ದೊಡ್ಡವಳು. ಬಾ ಅಂತ ಬರಿ. ನಾನಂದಿದ್ದು ತಪ್ಪಾಯ್ತು ಅಂತಾನೂ ಬರಿ” ಅಂದಳು. ಅಂಚೆಗೆ ತಾನೇ ಹಾಕುತ್ತಾಳಂತೆ. ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ.