ಬಲಗಡೆಯ ಹಿಂದಿನ ಗಾಲಿ

ರೋಣ
ತಾ. ೧೮-೧೧-೨೦೨೪

ಮಹೇಶ್ವರಿಯ ಅಪ್ಪನವರಿಗೆ ಸಕ್ಕೂಬಾಯಿಯ ನಮಸ್ಕಾರಗಳು.

ನಿಮ್ಮ ಬೆನ್ನುನೋವು ಹೇಗಿದೆ? ಗೋವಾದಲ್ಲಿ ಲಾರಿ ಹೊಡೆಯುವವರಿಗೆ ಜೋಳದ ರೊಟ್ಟಿ ಎಲ್ಲಿ ಸಿಗಬೇಕು, ಅನ್ನ ತಿಂದು ತಿಂದು ಹೊಟ್ಟೆ ಕೆಟ್ಟಿರಬೇಕು. ಅಜವಾನ ಕಟ್ಟಿಕೊಟ್ಟಿದ್ದೆನಲ್ಲ, ಅಗಿಯಿರಿ. ಮಗಳು ಆರಾಮ ಇದ್ದಾಳೆ. ಫೋನಿನಲ್ಲಿ ನಾನು ಗಾಡಿ ಅನ್ನುವುದೇ ತಡ, ರೇಂಜ್ ಇಲ್ಲ ಅಂತ ಇಟ್ಟುಬಿಡುತ್ತೀರಿ. ಕಾಗದಕ್ಕೆ ರೇಂಜ್ ಬೇಡ, ಅದಕ್ಕೇ ಬರೆಯುತ್ತಿದ್ದೇನೆ.

ನೀವು ನನ್ನ ತಮ್ಮ ಮಾಲತೇಶನಿಗೆ ಮಾರಿದ ಹಳೇ ಜೀಪಿನ ಹಿಂದಿನ ಬಲಗಾಲಿ ಹೋದ ಬುಧವಾರ ಬೆಳವಣಕಿ ದಾಟಿದ ಮೇಲೆ ಅಚ್ಚಿನ ಸಮೇತ ಕಿತ್ತು ಹೊರಗೆ ಬಂತು. ಬಾಡಿಗೆಗೆ ಹತ್ತಿದ್ದ ಮಂದಿಯನ್ನು ಇಳಿಸಿ ಒಬ್ಬನೇ ಬರುತ್ತಿದ್ದ, ಅದೊಂದು ಪುಣ್ಯ. ಜೀಪು ಹೊಲಕ್ಕೆ ಉರುಳಿ ಅವನ ಕಾಲು ಅಡಿಯಲ್ಲಿ ಸಿಕ್ಕಿತು. ರಾಡು ಹಾಕಿದ್ದಾರೆ. ಗ್ಯಾರೇಜಿನ ರಮಜಾನಸಾಬ ಗಾಲಿ ಬಿಚ್ಚಿ ಬೇರಿಂಗ್ ತೋರಿಸಿದ. ಸುಟ್ಟು ನೀಲಿಯಾಗಿತ್ತು, ಗುಂಡುಗಳು ಪುಡಿಪುಡಿ. "ಮಾರೂಕಿಂತ ಮೊದಲ ನಿಮ್ಮ ಯಜಮಾನ್ರು ಶಿವನಪ್ಪಾರಿಗೆ ಹೇಳಿದ್ದೆನ್ರಿ ಅಕ್ಕಾರ, ಇದು ಸವದೈತಿ, ಬದಲಸ್ರಿ ಅಂತ. ಇಂಥಾ ಹಳೇ ಗಾಡ್ಯಾಗ ಇದು ಹೋದ್ರ ಗಾಲಿ ಹಿಡಿಯಾಕ ಮತ್ತೇನೂ ಇರಂಗಿಲ್ಲ" ಅಂದ.

ಮಾರುವ ಮೊದಲು ಮಾಲತೇಶ ಹೊಡೆದು ನೋಡಲಿ ಅಂತ ನಮ್ಮನ್ನೆಲ್ಲ ಗಜೇಂದ್ರಗಡದ ಕಾಲಕಾಲೇಶ್ವರನ ಗುಡಿಗೆ ಕರಕೊಂಡು ಹೋದಿರಲ್ಲ. "ಹೆಂಗಸರೆಲ್ಲಾ ಎಡಕ್ಕ ಕೂಡ್ರಿ, ಬಲಕ್ಕ ಬಿಸಲ ಹೊಡಿತೈತಿ" ಅಂದಿರಿ. ಮದುವೆಯಾದ ಮೇಲೆ ನನ್ನ ಬಿಸಿಲಿನ ಚಿಂತೆ ನಿಮಗೆ ಬಂದದ್ದು ಅದೇ ಮೊದಲು. ನಾನು ಹುಚ್ಚಿ, ಹಿಗ್ಗಿದೆ. ಮಧ್ಯಾಹ್ನ ತಿರುಗಿ ಬರುವಾಗ ಬಿಸಿಲು ಎಡಕ್ಕೆ ಬಂದಿತ್ತು. ಆಗಲೂ ಎಡಕ್ಕೇ ಕೂರಿಸಿದಿರಿ. ಯಾಕೆ ಅಂತ ಈಗ ರಮಜಾನಸಾಬನನ್ನು ಕೇಳಿದೆ. ಭಾರವೆಲ್ಲ ಎಡಕ್ಕೆ ಬಿದ್ದರೆ ಬಲಗಡೆಯ ಬೇರಿಂಗಿನ ಸಪ್ಪಳ ಅಡಗುತ್ತದಂತೆ. ನನ್ನ ಮೈಭಾರದಿಂದಲೇ ನನ್ನ ತಮ್ಮನ ಕಿವಿ ಮುಚ್ಚಿಸಿದಿರಿ.

ಆಮೇಲಾದರೂ ಹೇಳಬಹುದಿತ್ತು. ಗುಂಯ್ ಅನ್ನುತ್ತದೆ ಅಂತ ಅವನು ಫೋನ್ ಮಾಡಿದಾಗ "ಹೊಸಾ ಟಾಯರಿನ ಸಪ್ಪಳ ಅದು, ಸವದಂಗ ಹೋಗತೈತಿ" ಅಂದಿರಂತೆ. ಅವನು ನಂಬಿದ. ನೀವು ಕೆಲಸವಿಲ್ಲದೆ ಕೂತಾಗ ಅವನ ಮನೆಯಲ್ಲೇ ಅಲ್ಲವೆ ನಾವು ಉಂಡದ್ದು? ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ. ನನಗೆ ನಿಮ್ಮ ಮೇಲೆ ಸಿಟ್ಟಿಗಿಂತ ಹೇಸಿಕೆ ಹೆಚ್ಚು ಬಂದಿದೆ, ಮುಚ್ಚಿಡುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣಿರಿ. ನಿಮ್ಮ ಲಾರಿಯ ಗಾಲಿಗಳನ್ನು ದೇವರು ಕಾಯಲಿ.

ಇಂತಿ
ಸಕ್ಕೂಬಾಯಿ

ತಾ.ಕ.: ದವಾಖಾನೆಯಲ್ಲಿ ಮಾಲತೇಶನಿಗೆ ಬುತ್ತಿ ಕೊಟ್ಟು ಈಗಷ್ಟೇ ಬಂದೆ. "ಗ್ರೀಸ್ ಹಚ್ಚಸದ ನಾನಽ ತಪ್ಪ ಮಾಡಿದೆ ಅಕ್ಕಾ. ಮುಂದಿನ ಗಾಡಿ ಮಾವಾರಽ ನೋಡಿ ಆರಸಲಿ" ಅಂತ ಈಗಲೂ ನಿಮ್ಮನ್ನೇ ನಂಬುತ್ತಾನೆ. ನನಗೆ ಅವನ ಮುಖ ನೋಡಲಾಗಲಿಲ್ಲ. ಬಂದು ಅವನ ಮಂಚದ ಮುಂದೆ ನಿಂತು ನಿಮ್ಮ ಬಾಯಿಂದಲೇ ಹೇಳಿರಿ. ಬರುವ ಸೋಮವಾರದ ತನಕ ಸುಮ್ಮನಿರುತ್ತೇನೆ. ಆಮೇಲೆ ನಾನೇ ಹೇಳಿ, ಮಗಳನ್ನು ಕರಕೊಂಡು ಅವನ ಮನೆಗೆ ಹೋಗುತ್ತೇನೆ. ನೀವು ಬಂದರೆ ಕೀಲಿ ಪಕ್ಕದ ಮನೆಯ ಶಂಕ್ರವ್ವನ ಹತ್ತಿರ ಇರುತ್ತದೆ.